ಮಡಿಕೆಯೊಳಗಿನ ‘ಆದರೆ’

ದೊಡ್ಡಾಸ್ಪತ್ರೆಯ ಹಿಂಬದಿಯ ಓಣಿಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಪುಸ್ತಕ ಕಟ್ಟುತ್ತಿದ್ದ ಆ ಮುದುಕನನ್ನು ಎಲ್ಲರೂ ಅಂಟಜ್ಜ ಎನ್ನುತ್ತಿದ್ದರು. ನಲವತ್ತೆಂಟು ವರ್ಷ ಮೈದಾ ಅಂಟಿನಲ್ಲಿ ಅದ್ದಿದ ಬೆರಳುಗಳು. ಎಷ್ಟು ತೊಳೆದರೂ ಉಗುರ ಸಂದಿಯ ಬಿಳಿ ಗೆರೆ ಹೋಗುತ್ತಿರಲಿಲ್ಲ. ಅವನ ಕೈ ಮುಟ್ಟಿದವರು ಆಮೇಲೆ ತಮ್ಮ ಕೈಯನ್ನೊಮ್ಮೆ ನೋಡಿಕೊಳ್ಳುತ್ತಿದ್ದರು. ಅವನು ಓದಿದ್ದು ಎರಡನೇ ಕ್ಲಾಸು. ಕಟ್ಟಿದ ಪುಸ್ತಕಗಳಿಗೆ ಲೆಕ್ಕವಿಲ್ಲ, ಓದಿ ಮುಗಿಸಿದ್ದು ಒಂದೂ ಇಲ್ಲ. ಯಾರಾದರೂ ಯಾಕೆಂದು ಕೇಳಿದರೆ, “ಕಟ್ಟೋನು ಓದೋಕೆ ಕೂತ್ರೆ ಅಂಟು ಒಣಗುತ್ತೆ ಸ್ವಾಮಿ,” ಎಂದು ಕುಂಚ ಅದ್ದುತ್ತಿದ್ದ.

ಮನೆಯಲ್ಲಿದ್ದವಳು ಅವನ ಅಕ್ಕ. ವಯಸ್ಸಿನಲ್ಲಿ ಐದು ವರ್ಷ ದೊಡ್ಡವಳು, ಓದಿನಲ್ಲಿ ಒಂದು ಕ್ಲಾಸು ದೊಡ್ಡವಳು. ಆ ಒಂದು ಕ್ಲಾಸಿನ ಹಿರಿತನವನ್ನು ಅವಳು ಅರವತ್ತು ವರ್ಷದಿಂದ ಒಂದು ದಿನವೂ ಬಿಟ್ಟುಕೊಟ್ಟಿರಲಿಲ್ಲ. ಅವನ ಹೆಂಡತಿ ತೀರಿಕೊಂಡ ಮೇಲೆ, ಇವಳ ಗಂಡ ತೀರಿಕೊಂಡ ಮೇಲೆ, ಎರಡು ಕೋಣೆಯ ಆ ಮನೆಯಲ್ಲಿ ಇಬ್ಬರೂ ಮತ್ತೆ ಚಿಕ್ಕಂದಿನ ಹಾಗೆ ಕಿತ್ತಾಡಿಕೊಂಡು ಇದ್ದರು. ಅವಳದು ಹೊಲಿಗೆ ಕೆಲಸ. ಅಂಗಿ, ಲಂಗ, ಹರಿದ ಪರದೆ, ಏನು ಕೊಟ್ಟರೂ ಸೈ. ಕಿಟಕಿಯ ಕೆಳಗೆ ಕಾಲಲ್ಲಿ ತುಳಿಯುವ ಮಷಿನ್, ಅದರ ಪಕ್ಕದಲ್ಲಿ ಗುಂಡಿ ಡಬ್ಬಿ.

ಹೋದ ವರ್ಷ ಅಕ್ಕನ ಎದೆಯಲ್ಲಿ ಗಡ್ಡೆ ಕಂಡಿತು. ಕತ್ತರಿಸಿ ತೆಗೆದದ್ದಾಯಿತು. ಬೇರು ಎಲ್ಲೂ ಉಳಿಯಬಾರದೆಂದು ಡಾಕ್ಟರು ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ಬರೆದುಕೊಟ್ಟರು. ಮಾತ್ರೆ ಹೊಟ್ಟೆಗೆ ಅಷ್ಟೇನೂ ತೊಂದರೆ ಕೊಡಲಿಲ್ಲ, ಕೈಗೆ ಕೊಟ್ಟಿತು. ಅಂಗೈ ಕೆಂಪಾಗಿ ಸುಲಿಯಿತು, ಬೆರಳ ತುದಿ ಉರಿಯಿತು. ಸೂಜಿ ಹಿಡಿದರೆ ಕೆಂಡ ಹಿಡಿದ ಹಾಗೆ. ಮಷಿನ್ ಮೇಲೆ ಬಟ್ಟೆ ಹೊದಿಸಿ ಅಕ್ಕ ಸುಮ್ಮನೆ ಕಿಟಕಿ ನೋಡುತ್ತ ಕೂರತೊಡಗಿದಳು. ಅವಳು ಬೈಯುವುದು ಕಡಿಮೆಯಾದ್ದರಿಂದ ಮನೆ ಅವನಿಗೆ ಬಿಕೋ ಎನ್ನುತ್ತಿತ್ತು.

ಅದೇ ಆಸ್ಪತ್ರೆಯ ಮೇಲಿನ ಮಹಡಿಯ ಲ್ಯಾಬಿನಿಂದ ಒಬ್ಬ ಹೆಂಗಸು ಅವನ ಅಂಗಡಿಗೆ ಬರುತ್ತಿದ್ದಳು. ರೋಗಿಗಳನ್ನು ನೋಡುವ ಡಾಕ್ಟರಲ್ಲ, ಗಿಡಗಳ ಸತ್ವ ಇಳಿಸಿ ಪರೀಕ್ಷೆ ಮಾಡುವವಳು. ಪರೀಕ್ಷೆಯ ಟಿಪ್ಪಣಿಗಳನ್ನು ವರ್ಷಕ್ಕೊಮ್ಮೆ ರಟ್ಟು ಹಾಕಿಸಲು ತರುತ್ತಿದ್ದಳು. ಅಂಟಜ್ಜನ ಬಾಯಲ್ಲಿ ಅವಳು ಗಿಡದಮ್ಮ. ಅಂಟು ಹಿಡಿಯುವವರೆಗೆ ಅವಳು ಸ್ಟೂಲಿನ ಮೇಲೆ ಕೂತು ಮಾತಾಡುತ್ತಿದ್ದಳು.

“ಅಜ್ಜ, ನಮ್ಮ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ಒಂದೊಂದರೊಳಗೂ ಒಂದು ಪುಸ್ತಕ ಇದೆ. ಎಲ್ಲದರಲ್ಲೂ ಅದೇ ಪುಸ್ತಕ. ಕಣ್ಣಿನ ಕಣದಲ್ಲೂ ಅದೇ, ಹಿಮ್ಮಡಿ ಕಣದಲ್ಲೂ ಅದೇ.”

“ಹಂಗಾದ್ರೆ ಹಿಮ್ಮಡಿಗೆ ಯಾಕಮ್ಮ ಕಣ್ಣು ಕಾಣಲ್ಲ?”

“ಅಲ್ಲಿ ನೋಡೋ ಪುಟ ಮುಚ್ಚಿರುತ್ತೆ. ಯಾರಿಗೆ ಯಾವ ಪುಟ ಬೇಕೋ ಅದಷ್ಟೇ ತೆರೆದಿರುತ್ತೆ. ಆ ಪುಟಕ್ಕೆ ನಾವು ಜೀನ್ ಅಂತೀವಿ.”

“ಮುಚ್ಚೋರು ಯಾರು?”

“ಒಳಗೂ ನಿಮ್ಮಂಥೋರು ಇದ್ದಾರೆ. ಒಂದು ಚುಕ್ಕೆ ಅಂಟು ಹಚ್ತಾರೆ, ಪುಟ ಮುಚ್ಚಿತು.”

“ಅಕ್ಷರ ಅಳಿಸಿ ಹೋಗುತ್ತಾ?”

“ಒಂದೂ ಅಳಿಸಲ್ಲ. ಎಲ್ಲ ಅಲ್ಲೇ ಇರುತ್ತೆ, ಓದೋಕಾಗಲ್ಲ ಅಷ್ಟೆ. ‘ಸಾಕು, ಇನ್ನು ಬೆಳೀಬೇಡ’ ಅನ್ನೋ ಪುಟವೊಂದಿದೆ ಅಜ್ಜ. ಕ್ಯಾನ್ಸರ್ ಅನ್ನೋ ಈ ಕಾಯಿಲೆಯಲ್ಲಿ ಎಷ್ಟೋ ಸಲ ಆ ಪುಟಕ್ಕೇ ಅಂಟು ಬಿದ್ದಿರುತ್ತೆ.”

ಅಂಟಜ್ಜ ಕುಂಚ ಕೆಳಗಿಟ್ಟ. “ಅಂಟಿದ ಪುಟಾನ ನಾನು ಆವಿ ಹಿಡಿದು ಬಿಡಿಸ್ತೀನಮ್ಮ. ಅವಸರ ಮಾಡ್ಬಾರ್ದು, ಅಷ್ಟೆ.”

“ನಾನು ಹುಡುಕ್ತಿರೋದೂ ಅಂಥ ಆವೀನೇ. ಕೆಲವು ಗಿಡದ ಸತ್ವದಲ್ಲಿ ಅದು ಇದೆಯೇನೋ ಅಂತ.”

“ಇದೆಯಾ?”

“ಇದೆಯೇನೋ.”

ಆ ‘ಏನೋ’ವನ್ನು ಅಂಟಜ್ಜ ಕಿವಿಯಲ್ಲಿ ಕೇಳಿದ, ಮನೆಗೆ ಮಾತ್ರ ಒಯ್ಯಲಿಲ್ಲ.

ಅವತ್ತೇ ಅವನು ಅಂಟಿಗೆ ಮೈಲುತುತ್ತದ ಪುಡಿ ಹಾಕುವುದನ್ನು ಕಂಡು ಅದೇಕೆಂದು ಅವಳು ಕೇಳಿದ್ದಳು. ಚಿಟಿಕೆ ಹಾಕಿದರೆ ಪುಸ್ತಕಕ್ಕೆ ಹುಳ ಬರುವುದಿಲ್ಲ, ಹಿಡಿ ಹಾಕಿದರೆ ಹುಳಕ್ಕಿಂತ ಮೊದಲು ಕಾಗದವೇ ಹೋಗುತ್ತದೆ ಎಂದ ಅವನು. ಅವಳು ನಕ್ಕು, “ನನ್ನ ಕಷ್ಟಾನೂ ಅದೇ ಅಜ್ಜ. ಗಡ್ಡೆ ಹೋಗ್ಬೇಕು, ಮೈ ಉಳೀಬೇಕು,” ಎಂದಳು. ಯಾವ ವರ್ಷ ಯಾರ ಪುಸ್ತಕಕ್ಕೆ ಯಾವ ಬಣ್ಣದ ರಟ್ಟು ಹಾಕಿದೆನೆಂದು ಹೇಳಬಲ್ಲವನಿಗೆ ಆ ಮಾತು ಬೇಕಾದಾಗ ನೆನಪಿಗೆ ಬರಲಿಲ್ಲ. ನೆನಪು ದೊಡ್ಡದಾದರೇನು, ತನಗೆ ಬೇಕಾದ್ದನ್ನೇ ಆರಿಸಿಕೊಳ್ಳುತ್ತದೆ.

ಕಟ್ಟಿದ ಪುಸ್ತಕಗಳನ್ನು ಹೊತ್ತು ಲ್ಯಾಬಿಗೆ ಹೋದ ದಿನ ಗಿಡದಮ್ಮ ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಮೊದಲನೇ ಗಾಜಿನ ತಟ್ಟೆಯಲ್ಲಿ ಗಡ್ಡೆಯ ಕಣಗಳು ಬಸ್ಸಿಗೆ ನುಗ್ಗುವವರ ಹಾಗೆ ಒಂದರ ಹೆಗಲ ಮೇಲೊಂದು ಹತ್ತಿದ್ದವು. ಎರಡನೇ ತಟ್ಟೆಗೆ ಎಲೆಯ ಸತ್ವದ ಹನಿ ಬಿದ್ದಿತ್ತು. ಅಲ್ಲಿ ಅವು ಉಂಡು ನೆರಳಲ್ಲಿ ಕೂತವರ ಹಾಗೆ ದೂರದೂರ, ಆರಾಮಾಗಿ ಇದ್ದವು. ತಿಳಿನೀಲಿ ಬೆಳಕು, ಅದರಲ್ಲಿ ತೇಲುವ ಆ ಸಣ್ಣ ಸಣ್ಣ ಮುಖಗಳು. ಅಂಟಜ್ಜ ಕಣ್ಣು ತೆಗೆಯಲೇ ಇಲ್ಲ.

ಮಧ್ಯಾಹ್ನ ಅಂಗಡಿಯ ಚಾಪೆಯ ಮೇಲೆ ಅಡ್ಡಾದವನಿಗೆ ಕನಸು ಬಿತ್ತು. ಅಕ್ಕನ ಮೈಯೊಳಗೆ ಅವನು ನಡೆಯುತ್ತಿದ್ದ. ಮೈ ಒಂದು ದೊಡ್ಡ ಅಚ್ಚುಕೂಟದಂತಿತ್ತು. ತಲೆಯ ಮೇಲೆ ಹಗ್ಗ ಕಟ್ಟಿ ಹಸಿ ಹಾಳೆಗಳನ್ನು ಒಣಹಾಕಿದ್ದರು, ಅವುಗಳ ನಡುವೆ ನೀಲಿ ಗಾಳಿ ಓಡಾಡುತ್ತಿತ್ತು. ಎಲ್ಲಿ ನೋಡಿದರೂ ಪುಸ್ತಕ, ಎಲ್ಲವೂ ಅದೇ ಪುಸ್ತಕ. ಒಂದನ್ನು ತೆಗೆದುಕೊಂಡ, ಪುಟ ಬಿಡಲಿಲ್ಲ. ಇನ್ನೊಂದನ್ನು ತೆಗೆದುಕೊಂಡ, ಅದೂ ಬಿಡಲಿಲ್ಲ. ಚಾಕುವಿಗಾಗಿ ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಒಂದು ಎಲೆ. ಎಲೆಯ ಅಂಚನ್ನು ಮಡಿಕೆಗೆ ತಾಗಿಸಿದ, ಪುಟ ಸದ್ದಿಲ್ಲದೆ ತೆರೆದುಕೊಂಡಿತು. ಒಳಗೆ ಅಕ್ಕ ಎಂಟು ವರ್ಷದ ಹುಡುಗಿಯಾಗಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. “ಬಾಗಿಲು ಹಾಕ್ಕೊ, ಗಾಳಿ ಬರುತ್ತೆ,” ಎಂದಳು.

ಕನಸು ಹೇಳಿದರೆ ಅಕ್ಕ ನಕ್ಕಾಳೆಂದು ಅವನು ಕನಸನ್ನು ಬಿಟ್ಟು ತಟ್ಟೆಯ ಕಥೆ ಹೇಳಿದ. ನುಗ್ಗುತ್ತಿದ್ದವು ಹೇಗೆ ನೆರಳಲ್ಲಿ ಕೂತವೆಂದು ಕೈ ಆಡಿಸಿ ಹೇಳಿದ. ತಟ್ಟೆ ಗಾಜಿನದೆಂದು ಹೇಳಿದನೋ ಇಲ್ಲವೋ, ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ.

“ಯಾವ ಗಿಡವಂತೆ?” ಎಂದಳು ಅಕ್ಕ.

“ಗೋಡೆ ಸಂದೀಲೂ ಬೆಳೆಯೋಂಥದ್ದಂತೆ. ದುಂಡನೆ ಎಲೆ, ಅಂಚು ಗರಗಸದ ಹಂಗೆ.”

“ನಮ್ಮ ನಲ್ಲಿ ಹತ್ರ ಇದೆಯಲ್ಲೋ, ಅಂಥದ್ದೇ.”

“ಇರಬಹುದು,” ಎಂದು ಅವನು ಮಲಗಿದ.

ಒಂದು ತಿಂಗಳ ಮೇಲೆ ಗಿಡದಮ್ಮ ಐನೂರು ಹಾಳೆಗಳ ಕಟ್ಟು ತಂದಳು. “ಎಲೆ, ಬೇರು ಅಂತ ಜನ ಏನೇನೋ ಮಾತಾಡ್ತಾರೆ ಅಜ್ಜ. ರೋಗಿಗಳ ಮನೆಯೋರಿಗೆ ತಿಳಿಯೋ ಹಾಗೆ ಒಂದು ಪುಟ್ಟ ಪುಸ್ತಕ ಬರೆದಿದ್ದೀನಿ. ಎಂಟೇ ಪುಟ.” ಒಂದು ಹಾಳೆಗೆ ಒಂದು ಪುಸ್ತಕ. ಹಾಳೆಯನ್ನು ಎರಡು ಸಲ ಮಡಚಿ, ಬೆನ್ನಿಗೆ ಹೊಲಿಗೆ ಹಾಕಿ, ಕಟಿಂಗ್ ಮಷಿನ್ನಿನಲ್ಲಿ ಮೂರು ಕಡೆ ಅಂಚು ಕತ್ತರಿಸಬೇಕು. ಮೇಲಂಚು ಕತ್ತರಿಸದಿದ್ದರೆ ಎರಡೆರಡು ಪುಟ ಚೀಲದ ಹಾಗೆ ಮಡಿಕೆಯೊಳಗೇ ಉಳಿದುಬಿಡುತ್ತವೆ. ಕಟ್ಟುವ ಕೆಲಸದ ಮೊದಲ ಪಾಠವೇ ಅದು.

ಐನೂರನ್ನೂ ಕಟ್ಟಿ ಕಳಿಸಿದ ಮೇಲೆ ಹೆಚ್ಚಿಗೆ ಬಂದ ಒಂದು ಹಾಳೆ ಉಳಿಯಿತು. ಅಕ್ಕನಿಗೆ ಕೊಟ್ಟರೆ ಹೊತ್ತು ಹೋಗುತ್ತದೆ ಎನಿಸಿ ಅದನ್ನೂ ಮಡಚಿ ಹೊಲಿದ. ಅಷ್ಟರಲ್ಲಿ ಮಷಿನ್ನಿನ ಅಲಗನ್ನು ಸಾಣೆಯವನು ಬಿಚ್ಚಿಕೊಂಡು ಹೋಗಿದ್ದ. ನಾಳೆ ಕತ್ತರಿಸಿದರಾಯಿತು ಎಂದು ಪುಸ್ತಕವನ್ನು ಜೇಬಿಗೆ ಹಾಕಿದ. ಮನೆಗೆ ಬರುವಾಗ ಜೇಬಲ್ಲಿದ್ದದ್ದು ನೆನಪಿತ್ತು, ಕತ್ತರಿಸಿಲ್ಲವೆಂಬುದು ಮರೆತಿತ್ತು.

“ನೀನು ಕಟ್ಟಿದ್ದು ನಾನು ಓದೋದು, ಇದಪ್ಪ ಹಣೆಬರಹ,” ಎಂದಳು ಅಕ್ಕ. ಆದರೂ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದತೊಡಗಿದಳು.

ಅದಾಗಿ ಹತ್ತು ದಿನಕ್ಕೆ ಮನೆಯಲ್ಲಿ ಮತ್ತೆ ಹೊಲಿಗೆ ಮಷಿನ್ನಿನ ಸದ್ದು ಕೇಳಿತು. ಅಂಟಜ್ಜ ಬಾಗಿಲಲ್ಲೇ ಚಪ್ಪಲಿ ಬಿಡುವುದನ್ನು ಮರೆತು ನಿಂತ. ಅಕ್ಕ ಪಕ್ಕದ ಮನೆಯ ಲಂಗಕ್ಕೆ ಅಂಚು ಹೊಲಿಯುತ್ತಿದ್ದಳು. ಅಂಗೈಯ ಕೆಂಪು ಇಳಿದಿತ್ತು, ಸುಲಿದ ಜಾಗದಲ್ಲಿ ಹೊಸ ಚರ್ಮ ಬಂದಿತ್ತು.

“ಏನೋ ಹಂಗೆ ನಿಂತಿದ್ದೀಯ? ಒಳಗೆ ಬಾ. ಇಲ್ಲಾ ಹೊರಗೆ ಹೋಗು.”

ಬೈಗುಳ ಕೇಳಿ ಅವನ ಹೊಟ್ಟೆ ತಣ್ಣಗಾಯಿತು. ಮಾತ್ರೆ ಕೊನೆಗೂ ಮೈಗೆ ಒಗ್ಗಿತು ಎಂದುಕೊಂಡ. ಒಲೆಯ ಮೇಲೆ ಸಣ್ಣ ಪಾತ್ರೆಯಲ್ಲಿ ಏನೋ ಹಸಿರಾಗಿ ಕುದಿಯುತ್ತಿತ್ತು. ಅದನ್ನು ಕಂಡ, ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಮರುದಿನ ಸಂಜೆ ಅವನ ಅಂಗಿಯ ಗುಂಡಿಯೊಂದು ಕಿತ್ತುಹೋಯಿತು. ಅಕ್ಕ ಹಿತ್ತಲಿನ ನಲ್ಲಿಯ ಹತ್ತಿರ ಇದ್ದಳು. ತಾನೇ ಹಾಕಿಕೊಂಡರಾಯಿತೆಂದು ಡಬ್ಬಿ ತೆರೆದು ಬಿಳಿ ಗುಂಡಿಗಾಗಿ ಬೆರಳಾಡಿಸಿದ. ಒಂದು ಸಿಕ್ಕಿತು, ಅದಕ್ಕೆ ತೂತೇ ಇರಲಿಲ್ಲ. ಇನ್ನೊಂದಕ್ಕೂ ಇರಲಿಲ್ಲ. ಬೆಳಕಿಗೆ ಹಿಡಿದ. ಮಾತ್ರೆ.

ಡಬ್ಬಿಯನ್ನು ಚಾಪೆಯ ಮೇಲೆ ಸುರಿದು ಗುಂಡಿಗಳಿಂದ ಮಾತ್ರೆಗಳನ್ನು ಒಂದೊಂದಾಗಿ ಬೇರೆ ಮಾಡಿದ. ಇಪ್ಪತ್ತೆರಡು. ಹನ್ನೊಂದು ದಿನ, ಬೆಳಿಗ್ಗೆ, ಸಂಜೆ.

ಅಕ್ಕ ಒಳಗೆ ಬಂದಾಗ ಅವನು ಹಾಗೇ ಕೂತಿದ್ದ. ಅವಳ ಕೈಯಲ್ಲಿ ತೊಳೆದ ಎಲೆಗಳಿದ್ದವು.

“ಗುಂಡಿ ಹುಡುಕ್ತಿದ್ದೆ,” ಎಂದ ಅವನು.

“ಸಿಕ್ತಾ?”

“ಯಾಕಕ್ಕ ಹಿಂಗೆ ಮಾಡ್ದೆ?”

“ಕೈ ನೋಡು,” ಎಂದು ಅವಳು ಅಂಗೈ ಚಾಚಿದಳು. “ಮಾತ್ರೆ ನುಂಗೋವಾಗ ಹೆಂಗಿತ್ತು, ಎಲೆ ಕುಡಿಯೋಕೆ ಶುರು ಮಾಡಿದ್ಮೇಲೆ ಹೆಂಗಿದೆ. ನಾನೇನು ದಡ್ಡೀನಾ? ನಿನ್ನ ಪುಸ್ತಕದಲ್ಲೇ ಇದೆ. ನೀನೇ ತಂದುಕೊಟ್ಟಿದ್ದು.”

“ಏನಿದೆ?”

ಅವಳು ದಿಂಬಿನ ಕೆಳಗಿನಿಂದ ಪುಸ್ತಕ ತೆಗೆದು, ಬೆರಳಿಟ್ಟು, ಪ್ರತಿ ಅಕ್ಷರಕ್ಕೂ ನಿಂತು ಓದಿದಳು. “ಎಲೆಯ ಸತ್ವ ಕೊಟ್ಟ ಮೇಲೆ ಮುಚ್ಚಿದ್ದ ಪುಟ ತೆರೆಯಿತು. ಕಣಗಳು ಬೆಳೆಯುವುದನ್ನು ನಿಲ್ಲಿಸಿದವು. ಕೇಳ್ತಾ? ಇಲ್ಲಿಗೆ ಮುಗೀತು. ಮುಂದೆ ಎಲೆ ಚಿತ್ರ. ಅದನ್ನ ನೋಡ್ಕೊಂಡೇ ಕಿತ್ತಿದ್ದು.”

ಅಂಟಜ್ಜ ಪುಸ್ತಕ ಇಸಿದುಕೊಂಡ. ಕಣ್ಣಿಗಿಂತ ಮೊದಲು ಅವನ ಹೆಬ್ಬೆರಳು ಓದಿತು. ಹಾಳೆ ದಪ್ಪ. ಒಂದೇ ಹಾಳೆ ಇರಬೇಕಾದ ಕಡೆ ಎರಡು. ಬೆರಳನ್ನು ಮೇಲಂಚಿಗೆ ಜಾರಿಸಿದ, ಮಡಿಕೆ ಹಾಗೇ ಇತ್ತು. ನಲವತ್ತೆಂಟು ವರ್ಷದಲ್ಲಿ ಯಾರ ಕೈಗೂ ಕತ್ತರಿಸದ ಪುಸ್ತಕ ಕೊಟ್ಟವನಲ್ಲ. ಕೊಟ್ಟದ್ದು ಒಂದೇ, ಅದೂ ಇವಳ ಕೈಗೆ.

“ಅಕ್ಕ, ಇದು ಮುಗಿದಿಲ್ಲ,” ಎಂದ.

“ಮುಗಿದಿಲ್ಲ ಅಂದ್ರೆ?”

“ನಾನು ಕತ್ತರಿಸಿಲ್ಲ. ಒಳಗೆ ಇನ್ನೂ ಪುಟ ಇವೆ.”

“ಕಾಗದ ದಪ್ಪ ಅಂದ್ಕೊಂಡೆ,” ಎಂದಳು ಅಕ್ಕ, ಮೆಲ್ಲಗೆ. “ಒಳ್ಳೆ ಕಾಗದ ಹಾಕಿದ್ದಾನೆ ನನ್ನ ತಮ್ಮ ಅಂದ್ಕೊಂಡೆ.”

ಅವನಿಗೆ ಆ ಮಾತು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. ಹಾಳೆ ಮಡಚಲು ಜೇಬಿನಲ್ಲಿ ಸದಾ ಇಟ್ಟುಕೊಳ್ಳುತ್ತಿದ್ದ ಎಲುಬಿನ ಪಟ್ಟಿಯನ್ನು ತೆಗೆದು ಮಡಿಕೆಯೊಳಗೆ ತೂರಿಸಿ ನಿಧಾನವಾಗಿ ಎಳೆದ. ಮೊದಲನೇ ಮಡಿಕೆ ತೆರೆಯಿತು. ಅದರಲ್ಲಿ ಮಾತ್ರೆಯ ವಿಷಯವಿತ್ತು, ಮಾತ್ರೆ ಏಕೆ ಬೇಕು, ಅಂಗೈ ಉರಿದರೆ ಡಾಕ್ಟರಿಗೆ ಹೇಳಬೇಕು ಎಂದಿತ್ತು. ಎರಡನೇ ಮಡಿಕೆಗೂ ಪಟ್ಟಿ ತೂರಿಸಿದ. ಕಾಗದ ಹತ್ತಿಯಂತೆ ಮೆತ್ತಗೆ ಬಿಟ್ಟುಕೊಂಡಿತು. ಆರನೇ ಪುಟದ ಮೊದಲ ಮಾತು ಅವನಿಗೂ ಓದಲು ಬರುವಷ್ಟು ಚಿಕ್ಕದು.

“ಆ, ದ, ರೆ,” ಎಂದ.

“ಕೊಡಿಲ್ಲಿ. ನೀನು ಓದಿದ್ರೆ ಬೆಳಗಾಗುತ್ತೆ.” ಅವಳು ಕನ್ನಡಕ ಸರಿಮಾಡಿಕೊಂಡಳು. “ಆದರೆ ಇದೆಲ್ಲ ಆದದ್ದು ಗಾಜಿನ ತಟ್ಟೆಯಲ್ಲಿ. ಮನುಷ್ಯರ ಮೈಯಲ್ಲಿ ಹೀಗೇ ಆಗುತ್ತದೆಂದು ನಮಗೆ ಇನ್ನೂ ಗೊತ್ತಿಲ್ಲ. ಎಲೆಯನ್ನು ಕುದಿಸಿ ಕುಡಿದರೆ ಆ ಸತ್ವ ಗಡ್ಡೆಯವರೆಗೆ ತಲುಪುವುದೋ ಇಲ್ಲವೋ ತಿಳಿಯದು. ಕೆಲವು ಎಲೆಗಳು ಮಾತ್ರೆಯ ಕೆಲಸವನ್ನೇ ಕೆಡಿಸಬಹುದು, ಲಿವರಿಗೂ ತೊಂದರೆ ಕೊಡಬಹುದು. ದಯವಿಟ್ಟು ಔಷಧಿ ಬಿಡಬೇಡಿ.”

ಓದಿ ಮುಗಿಸಿ ಅವಳು ಮತ್ತೆ ಮೊದಲಿನಿಂದ ಓದಿದಳು. ಕಿಟಕಿಯ ಬೆಳಕು ಹಳದಿಯಾಗಿ ಚಾಪೆಯ ಮೇಲಿನ ಗುಂಡಿಗಳ ಮೇಲೂ ಮಾತ್ರೆಗಳ ಮೇಲೂ ಬಿದ್ದಿತ್ತು. ದೂರದಿಂದ ನೋಡಿದರೆ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ.

“ಹಂಗಾದ್ರೆ ಕೈ ವಾಸಿಯಾಗಿದ್ದು?”

“ಮಾತ್ರೆ ಬಿಟ್ಟಿದ್ದಕ್ಕೆ ಅಕ್ಕ. ಎಲೆಯಿಂದಲ್ಲ.”

ಅವಳು ಎಲೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಆಮೇಲೆ ಬಹಳ ಹೊತ್ತು ತನ್ನ ಅಂಗೈಯನ್ನೇ ನೋಡಿದಳು. “ಈ ಕೈ ಒಂದು ಇದ್ರೆ ಸಾಕು ಅನ್ನಿಸಿತ್ತು ಕಣೋ. ಮೈ ಏನಾದ್ರೂ ಆಗ್ಲಿ. ಹೊಲೀದೆ ಇದ್ರೆ ನಾನು ಯಾರು?”

ಅವನು ಪುಸ್ತಕವನ್ನು ಅವಳ ಕಡೆಗೇ ಸರಿಸಿದ. ಏಳನೇ ಪುಟದಲ್ಲಿ ಬರೀ ಗೆರೆಗಳಿದ್ದವು. ನೀವು ತೆಗೆದುಕೊಳ್ಳುವ ಮಾತ್ರೆ, ಎಲೆ, ಕಷಾಯ ಎಲ್ಲವನ್ನೂ ಇಲ್ಲಿ ಬರೆದು ಡಾಕ್ಟರಿಗೆ ತೋರಿಸಿ ಎಂದು ಮೇಲೆ ಅಚ್ಚಾಗಿತ್ತು.

“ಬರಿ,” ಎಂದ.

“ಬೈತಾರೆ.”

“ನನಗೂ ಬೈತಾರೆ. ಇಬ್ರೂ ಬೈಸ್ಕೊಳ್ಳೋಣ.”

ಮೂರನೇ ಕ್ಲಾಸಿನ ದುಂಡನೆಯ ಅಕ್ಷರದಲ್ಲಿ, ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಲ್ಲಿ ಅಕ್ಕ ಬರೆದಳು. ನಲ್ಲಿ ಹತ್ತಿರದ ಎಲೆ, ದಿನಕ್ಕೆ ಎರಡು ಲೋಟ. ಮಾತ್ರೆ ಬಿಟ್ಟಿದ್ದೇನೆ. ಕೈ ಉರಿ.

ಬೆಳಿಗ್ಗೆ ಡಾಕ್ಟರು ಆ ಪುಟ ಓದಿ ಬೈಯಲಿಲ್ಲ. ಅವಳ ಅಂಗೈಯನ್ನು ತಿರುಗಿಸಿ ನೋಡಿದರು. “ಉರಿ ಇದೆ ಅಂತ ಮೊದಲೇ ಹೇಳಿದ್ರೆ ಪ್ರಮಾಣ ಕಡಿಮೆ ಮಾಡ್ತಿದ್ದೆನಲ್ಲಮ್ಮ.”

“ನೀವು ಗಡ್ಡೆ ಬಗ್ಗೆ ಕೇಳಿದ್ರಿ. ಕೈ ಬಗ್ಗೆ ಕೇಳಲಿಲ್ಲ.”

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. “ಕೇಳಬೇಕಿತ್ತು,” ಎಂದರು. ರಕ್ತ ಪರೀಕ್ಷೆಗೆ ಕಳಿಸಿದರು.

ಅಕ್ಕ ಒಳಗಿದ್ದಷ್ಟು ಹೊತ್ತೂ ಅಂಟಜ್ಜ ಹೊರಗಿನ ಮೇಜಿನ ಮೇಲಿದ್ದ ಪುಟ್ಟ ಪುಸ್ತಕಗಳ ರಾಶಿಯನ್ನು ಮುಂದಿಟ್ಟುಕೊಂಡು ಒಂದೊಂದರ ಮೇಲಂಚಿಗೂ ಹೆಬ್ಬೆರಳು ತಾಗಿಸುತ್ತಿದ್ದ. ಕಾಯುತ್ತಿದ್ದವರು, ಪಾಪ ಅಜ್ಜನಿಗೆ ಏನೋ ಆಗಿದೆ ಎಂಬಂತೆ ನೋಡಿದರು. ಗಿಡದಮ್ಮ ಮೆಟ್ಟಿಲಿಳಿದು ಬಂದಾಗ ಅವನು ಎಲ್ಲವನ್ನೂ ಹೇಳಿದ, ತಲೆ ಎತ್ತದೆ.

ಅವಳು ಪಕ್ಕದಲ್ಲಿ ಕೂತು ಅರ್ಧ ರಾಶಿ ತನ್ನ ಕಡೆಗೆ ಎಳೆದುಕೊಂಡಳು. “‘ಆದರೆ’ಯನ್ನ ಆರನೇ ಪುಟಕ್ಕೆ ತಳ್ಳಿದ್ದು ನಾನು ಅಜ್ಜ. ಎಲೆ ಚಿತ್ರ ಚೆನ್ನಾಗಿ ಬಂತು ಅಂತ ಖುಷಿ ನನಗೆ. ಮುಂದಿನ ಸಲ ಅದು ಮೊದಲನೇ ಪುಟದಲ್ಲೇ ಇರುತ್ತೆ.”

ರಾಶಿಯಲ್ಲಿ ಕತ್ತರಿಸದ ಪುಸ್ತಕ ಒಂದೂ ಸಿಗಲಿಲ್ಲ. ಅಕ್ಕ ಹೊರಗೆ ಬಂದಳು, ತೋಳಿಗೆ ಹತ್ತಿ ಒತ್ತಿಕೊಂಡು. ಸೆರಗಿನಲ್ಲಿ ಕಟ್ಟಿದ್ದ ಎಲೆಯನ್ನು ಬಿಚ್ಚಿ ಗಿಡದಮ್ಮನಿಗೆ ತೋರಿಸಿದಳು. ಗಿಡದಮ್ಮ ಎಲೆಯ ಹಿಂಬದಿಯನ್ನು ನೋಡಿದಳು, ಮುರಿದು ಮೂಸಿದಳು.

“ಅಮ್ಮ, ಇದು ಆ ಗಿಡವೇ ಅಲ್ಲ.”

“ಅಲ್ವಾ?”

“ನೋಡೋಕೆ ಹಾಗೇ ಇದೆ. ಇದು ಬೇರೆ.”

ಅಕ್ಕ ಎಲೆಯನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದಳು. “ಹನ್ನೊಂದು ದಿನ ಯಾವುದೋ ಬೀದಿ ಸೊಪ್ಪು ಕುಡಿದು ಹಾಡು ಹೇಳ್ಕೊಂಡು ಹೊಲಿದ್ನಲ್ಲೋ. ಗುಂಡೀನಾದ್ರೂ ನುಂಗಿದ್ರೆ ಬಾಯಿಗೊಂದು ಗುಂಡಿ ಹಾಕಿದ ಹಂಗಾಗ್ತಿತ್ತು.” ಗಿಡದಮ್ಮನಿಗೆ ನಗು ತಡೆಯಲಾಗಲಿಲ್ಲ. ಅಂಟಜ್ಜನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ರಕ್ತ ಪರೀಕ್ಷೆಯಲ್ಲಿ ಲಿವರ್ ಸ್ವಲ್ಪ ಮುನಿಸಿಕೊಂಡದ್ದು ಕಂಡಿತು. ಹತ್ತು ದಿನ ಏನೂ ಬೇಡ, ಎಲೆ ಖಂಡಿತ ಬೇಡ, ಆಮೇಲೆ ಮತ್ತೆ ನೋಡೋಣ ಎಂದರು ಡಾಕ್ಟರು. ಬಿಟ್ಟುಹೋದ ದಿನಗಳಿಂದ ಏನಾದರೂ ಕೆಡುಕಾಯಿತೇ ಎಂದು ಅವನು ಕೇಳಿದ್ದಕ್ಕೆ, ಈಗಲೇ ಹೇಳಲಾಗುವುದಿಲ್ಲ ಎಂದರು. ಆ ಹತ್ತು ದಿನ ಅಂಟಜ್ಜ ಕನಸಿನಲ್ಲಿ ಮತ್ತೆ ಮತ್ತೆ ಅದೇ ಅಚ್ಚುಕೂಟಕ್ಕೆ ಹೋದ. ಹಾಳೆಗಳು ನೀಲಿ ಗಾಳಿಗೆ ಆಡುತ್ತಿದ್ದವು, ಜೇಬಿನಲ್ಲಿ ಎಲೆ ಇರಲಿಲ್ಲ. ಮುಚ್ಚಿದ ಪುಸ್ತಕಗಳ ನಡುವೆ ಸುಮ್ಮನೆ ಕೂತು ಕಾಯುತ್ತಿದ್ದ.

ಹನ್ನೊಂದನೇ ದಿನ ರಕ್ತ ಸರಿಹೋಗಿತ್ತು. ಸಣ್ಣ ಮಾತ್ರೆ ಬರೆದುಕೊಟ್ಟರು, ಕೈಗೆ ಹಚ್ಚಲು ಮುಲಾಮು ಕೊಟ್ಟರು. ಸ್ಕ್ಯಾನ್ ಮೂರು ತಿಂಗಳ ಮೇಲೆ.

ಮರುದಿನ ಬೆಳಿಗ್ಗೆ ಅಕ್ಕ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, ಬೆರಳಿನಿಂದ ತಡವಿ, “ತೂತಿಲ್ಲ,” ಎಂದು ಹೇಳಿ ನುಂಗಿದಳು. ಏಳನೇ ಪುಟದಲ್ಲಿ ಒಂದು ಸಾಲು ಬರೆದಳು. ಅಂಟಜ್ಜ ಅಂಗಡಿಗೆ ಒಯ್ಯಬೇಕಾದ ಅಂಟನ್ನು ಒಲೆಯ ಮೇಲಿಂದ ಇಳಿಸಿ, ಅವಳು ಬರೆದು ಬದಿಗಿಟ್ಟ ಪುಸ್ತಕವನ್ನು ಎತ್ತಿಕೊಂಡ. ಕಿಟಕಿಯ ಬೆಳಕಿಗೆ ತಿರುಗಿ ಕೂತು, ಮೊದಲನೇ ಪುಟದಿಂದ, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದತೊಡಗಿದ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಅಂಟಿನ ಮೇಲೆ ಕೆನೆ ಕಟ್ಟಿತ್ತು.

ಅಕ್ಕ ಮಷಿನ್ನಿಗೆ ದಾರ ಪೋಣಿಸುತ್ತ ಓರೆಗಣ್ಣಲ್ಲಿ ನೋಡಿದಳು. “ಅಂಟು ಒಣಗುತ್ತೆ ಕಣೋ.”

“ಒಣಗಲಿ,” ಎಂದ ಅವನು, ಅಕ್ಷರದ ಮೇಲಿನ ಬೆರಳು ತೆಗೆಯದೆ.